ಮಲೆನಾಡಿನ ಓಪನ್ ಕಾರು ಟ್ರ್ಯಾಕಿಗೆ ಹೋಗುವ ಮುನ್ನ

ಟ್ರ್ಯಾಕ್ ಡೇ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸೋಕೆ ಬಿಡೋ ದಿನ. ಅದಕ್ಕೆ ಕಾರು ರೆಡಿ ಮಾಡಿಕೊಡಿ ಅಂತ ಬರೋ ಹುಡುಗರ ಬಾಯಲ್ಲಿ ಮೊದಲು ಬರೋದು ಎಕ್ಸಾಸ್ಟ್, ಏರ್ ಫಿಲ್ಟರ್, ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸೋದು). ನಾನು ಕೇಳೋದು ಒಂದೇ: ಮಳೆಗಾಲದಲ್ಲಿ ಗಾಡಿ ಎಲ್ಲಿ ನಿಂತಿತ್ತು? ಶಿವಮೊಗ್ಗದ ಸಾಗರ ರಸ್ತೆ ಕಡೆ ಶೆಡ್ ಇಟ್ಟುಕೊಂಡು, ತೀರ್ಥಹಳ್ಳಿ, ಹೊಸನಗರ, ಕೊಪ್ಪದಿಂದ ಬರೋ ಗಾಡಿಗಳ ಅಡಿಭಾಗ ನೋಡ್ತಾ ಬಂದವನು ನಾನು. ಬಟ್ಟೆ ಟಾಪಿನ ಎರಡು ಸೀಟಿನ ಕಾರಾದರೆ ಕೆಲಸ ಶುರುವಾಗೋದೇ ನೀರಿನಿಂದ.

ಟಾಪ್ ಮಡಚಿ ಸೀಟಿನ ಹಿಂದೆ ನೋಡಿ. ಬಟ್ಟೆ ಮೇಲೆ ಬಿದ್ದ ನೀರು ಇಳಿದು ಹೋಗಲಿ ಅಂತ ಎರಡೂ ಮೂಲೆಯಲ್ಲಿ ತೂತು, ಅದರ ಕೆಳಗೊಂದು ಪೈಪು ಇರುತ್ತೆ. ತೋಟದ ಮನೆ ಅಂಗಳದಲ್ಲಿ ನಿಂತ ಕಾರಾದರೆ ಆ ತೂತಲ್ಲಿ ಕೊಳೆತ ಎಲೆ, ಅಡಿಕೆ ಹಿಂಗಾರದ ಪುಡಿ, ಪಾಚಿ ಎಲ್ಲ ಸೇರಿ ಗಟ್ಟಿ ಕೆಸರಾಗಿ ಕೂತಿರುತ್ತೆ. ಒಂದು ಚೊಂಬು ನೀರು ನಿಧಾನಕ್ಕೆ ಬಿಡಿ. ಕಾರಿನ ಅಡಿಯಿಂದ ಧಾರೆ ಬೀಳಬೇಕು. ಬೀಳಲಿಲ್ಲ ಅಂದರೆ ನೀರು ಕಾರ್ಪೆಟ್ ಕೆಳಗೆ ಹೋಗ್ತಾ ಇದೆ ಅಂತ ಲೆಕ್ಕ. ಹಳೇ ಬೈಕಿನ ಕ್ಲಚ್ ಕೇಬಲ್ಲಿನ ಒಳತಂತಿ ತಗೊಂಡು, ತುದಿ ಮಡಚಿ ಮೊಂಡು ಮಾಡಿ, ತಿರುಗಿಸ್ತಾ ಒಳಗೆ ಬಿಡಿ. ಕಂಪ್ರೆಸರ್ ಗಾಳಿ ಹೊಡೀಬೇಡಿ. ಒಳಗಿನ ಪೈಪ್ ಕಳಚಿಕೊಂಡರೆ ನೀರೆಲ್ಲ ಬಾಡಿ ಒಳಗೇ.

ಆಮೇಲೆ ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ. ಇಲ್ಲಿಗೆ ಬಂದಾಗ ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣ, ನಾನು ಬ್ರೇಕ್ ಪ್ಯಾಡ್ ಹಾಕಿಸೋಕೆ ಬಂದಿದ್ದು, ಸೀಟ್ ಯಾಕೆ ಬಿಚ್ತೀರಿ?" ಸೀಟಿನ ಬೋಲ್ಟು, ಬೆಲ್ಟಿನ ಬೋಲ್ಟು, ನಾಳೆ ಹಾಕಿಸೋ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯೋಕೆ ಸೀಟಿನ ಹಿಂದೆ ನಿಲ್ಲೋ ಕಬ್ಬಿಣದ ಕಮಾನು), ಎಲ್ಲ ನಿಲ್ಲೋದು ಇದೇ ತಗಡಿನ ಮೇಲೆ ಮಾರಾಯ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ಮೆತ್ತಗೆ ಡಬ್ ಅಂದರೆ ತುಕ್ಕು ತಿಂದಿದೆ. ಅಲ್ಲಿ ರೆಡ್ ಆಕ್ಸೈಡ್ ಬಳಿದು ಮುಚ್ಚೋ ಕೆಲಸ ಬೇಡ; ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು. ಜಾಕ್ ಕೊಡೋ ಜಾಗ, ಬಾಗಿಲ ಕೆಳಗಿನ ಅಂಚು, ಬ್ಯಾಟರಿ ಕೂರೋ ತಟ್ಟೆ ಇವನ್ನೂ ಹಾಗೇ ತಟ್ಟಿ ನೋಡಿ. ಗೋವಾದಲ್ಲಿ ತಯಾರಾಗ್ತಿದ್ದ ಸ್ಯಾನ್ ಸ್ಟಾರ್ಮ್ ಥರದ ಫೈಬರ್ ಮೈ ಗಾಡಿಗೆ ತುಕ್ಕಿನ ಭಯ ಇಲ್ಲ ಅಂತ ಕೆಲವರು ಹೇಳ್ತಾರೆ. ಫೈಬರ್‌ಗೆ ಇಲ್ಲ, ಒಳಗಿನ ಕಬ್ಬಿಣಕ್ಕೆ ಇದೆ.

ಇನ್ನು ರೋಲ್ ಬಾರ್. ತಲೆ ಮೇಲೆ ತಗಡಿಲ್ಲದ ಕಾರು ಮಗುಚಿದರೆ ತಲೆ ಕಾಯೋದು ಇದೊಂದೇ. ಸೀಟಿನ ಹಿಂದೆ ಚಂದಕ್ಕೆ ಮಿಂಚೋ ಸ್ಟೈಲ್ ಬಾರ್ ಲೆಕ್ಕಕ್ಕಿಲ್ಲ. ನಮ್ಮೂರು ಫೌಂಡ್ರಿಗಳ ಊರು, ಬೆಸುಗೆ ಗೊತ್ತಿರೋರಿಗೆ ಬರವಿಲ್ಲ. ಆದರೆ ಗೇಟ್ ಮಾಡೋ ಜಿಐ ಪೈಪಿನಲ್ಲಿ ಬಗ್ಗಿಸಿ ಕೊಡ್ತೀನಿ ಅಂದವರ ಹತ್ತಿರ ಹೋಗಬೇಡಿ. ನಿಮ್ಮ ಮಾಡೆಲ್ಲಿಗೇ ಅಂತ ಮಾಡಿದ, ಬೋಲ್ಟ್ ಹಾಕೋ ಬಾರ್ ತರಿಸೋದೇ ಸರಿ. ಬೋಲ್ಟಿನ ಕೆಳಗೆ ಬರೀ ವಾಷರ್ ಸಾಲದು, ತಗಡಿನ ಆ ಕಡೆ ದಪ್ಪ ಕಬ್ಬಿಣದ ಪಟ್ಟಿ ಬೇಕು.

ಬಾರ್ ಎತ್ತರ ಸಾಕೋ ಇಲ್ಲವೋ ನೋಡೋಕೆ ಕಸಬರಿಗೆ ಕೋಲು ಸಾಕು. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂತ್ಕೊಳ್ಳಿ. ಕೋಲಿನ ಒಂದು ತುದಿ ರೋಲ್ ಬಾರ್ ಮೇಲೆ, ಇನ್ನೊಂದು ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಇಡಿಸಿ. ಹೆಲ್ಮೆಟ್ಟಿಗೂ ಕೋಲಿಗೂ ನಡುವೆ 5 ಸೆಂ.ಮೀ. ಜಾಗ ಇರಬೇಕು. ಉದ್ದನೆಯವರಿಗೆ ಸಾಮಾನ್ಯವಾಗಿ ಇರೋದಿಲ್ಲ. ಸೀಟಿನ ಫೋಮ್ ತೆಗೆದು ತಗ್ಗಿಸಬೇಕಾಗುತ್ತೆ. ತಲೆ ತಾಗೋ ಕಡೆ ಬಾರಿಗೆ ಗಟ್ಟಿ ಪ್ಯಾಡಿಂಗ್ ಸುತ್ತಿ. ಹೆಲ್ಮೆಟ್ ಫುಲ್ ಫೇಸೇ ಆಗಿರಲಿ, ಮುಂದಿನ ಕಾರು ಎಬ್ಬಿಸಿದ ಕಲ್ಲು ನೇರ ಮುಖಕ್ಕೆ ಬರುತ್ತೆ. ಕಾರಿನಲ್ಲೇ ಬಂದ ಬೆಲ್ಟ್ ಚೆನ್ನಾಗಿದ್ದರೆ ಅದೇ ಇರಲಿ. ತೊಡೆ ನಡುವೆ ಪಟ್ಟಿ ಇಲ್ಲದ ನಾಲ್ಕು ಪಾಯಿಂಟಿನ ಹಾರ್ನೆಸ್ (ಎರಡೂ ಭುಜ, ಸೊಂಟ ಹಿಡಿಯೋ ರೇಸ್ ಬೆಲ್ಟ್) ಹಾಕಿದರೆ, ಡಿಕ್ಕಿ ಹೊಡೆದಾಗ ಮೈ ಬೆಲ್ಟಿನ ಅಡಿಗೆ ಜಾರುತ್ತೆ.

ಬ್ರೇಕ್ ವಿಷಯಕ್ಕೆ ನಾನು ಜಾಸ್ತಿ ಹೊತ್ತು ಕೊಡ್ತೀನಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 4 (ಬಾಟ್ಲಿ ಮೇಲೆ ಬರೆದಿರೋ ದರ್ಜೆ ಇದು) ಆಯಿಲ್ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ಶೇ. 3.7ರಷ್ಟು ನೀರು ಸೇರಿದರೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ನಮ್ಮ ಜುಲೈ ತಿಂಗಳಲ್ಲಿ ಒಣಹಾಕಿದ ಬಟ್ಟೆಯೇ ವಾರವಾದರೂ ಒಣಗಲ್ಲ, ಇನ್ನು ಅರ್ಧ ಖಾಲಿಯಾದ ಆಯಿಲ್ ಬಾಟ್ಲಿ ರ್‍ಯಾಕಿನಲ್ಲಿಟ್ಟರೆ ಏನಾದೀತು? ಊರಲ್ಲಿ ಓಡಾಡೋವಾಗ ಇದು ಗೊತ್ತೇ ಆಗಲ್ಲ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಜೋರಾಗಿ ಬ್ರೇಕ್ ಒತ್ತಿದಾಗ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತೋ ಭಾಗ) ಒಳಗೆ ಆಯಿಲ್ ಕುದ್ದು ಆವಿಯಾಗುತ್ತೆ. ಆಯಿಲ್ ಒತ್ತಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ.

ಅದಕ್ಕೇ ಹೊರಡೋ ವಾರದಲ್ಲೇ ಸೀಲ್ ಒಡೆಯದ ಬಾಟ್ಲಿ ತಂದು, ಮಳೆ ಇಲ್ಲದ ದಿನ ನೋಡಿ ಪೂರ್ತಿ ಆಯಿಲ್ ಬದಲಾಯಿಸಿ. ಕುದಿಯೋ ಮಟ್ಟ ಹೆಚ್ಚಿರೋ ಡಾಟ್ 4 ಅಥವಾ 5.1 ತಗೊಳ್ಳಿ. ಬರೀ 5 ಅಂತ ಬರೆದಿದ್ದರೆ ಅದು ಸಿಲಿಕೋನ್, ಬೆರೆಸಲೇಬಾರದು. ಉಳಿದದ್ದನ್ನು ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ. ರಬ್ಬರ್ ಹೋಸ್ ಬಗ್ಗಿಸಿ ನೋಡಿ, ಬಿರುಕಿದ್ದರೆ ಹೊಸದು.

ಪ್ಯಾಡ್ ಅಂದರೆ ರೇಸ್ ಪ್ಯಾಡೇ ಬೇಕು ಅನ್ನೋರಿದ್ದಾರೆ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮಗೆ ಟ್ರ್ಯಾಕ್ ಅಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಇಲ್ಲವೇ ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈ. ಎರಡೂ ತಮಿಳುನಾಡಿನಲ್ಲಿ, ಹೆಚ್ಚಿನವರು ಅದೇ ಕಾರು ಓಡಿಸಿಕೊಂಡು ಹೋಗಿ ಅದರಲ್ಲೇ ಬರೋರು. ಅಪ್ಪಟ ರೇಸ್ ಪ್ಯಾಡ್ ಕಾದರೆ ಮಾತ್ರ ಹಿಡಿಯುತ್ತೆ. ಬೆಳಗಿನ ಚಳಿಯಲ್ಲಿ ತರೀಕೆರೆ ದಾಟೋವಾಗ ದನ ಅಡ್ಡ ಬಂದರೆ? ರಸ್ತೆಗೂ ಟ್ರ್ಯಾಕಿಗೂ ಆಗೋ ನಡುವಿನ ಪ್ಯಾಡ್ ಸಾಕು. ಹೊಸ ಪ್ಯಾಡ್ ಪಳಗಿಸ್ತೀನಿ ಅಂತ ಆಗುಂಬೆ ಘಾಟಿ ಇಳಿಸೋಕೆ ಮಾತ್ರ ಹೋಗಬೇಡಿ. ಆ 14 ತಿರುವಲ್ಲಿ ಬಸ್ಸು, ಮಂಗ, ಮಂಜು ಎಲ್ಲ ಇರುತ್ತೆ.

ಟೈರಿನ ಮೇಲಿನ ಗೀರು (ಟ್ರೆಡ್) ಎಷ್ಟು ಆಳ ಉಳಿದಿದೆ ಅಂತಷ್ಟೇ ನೋಡಬೇಡಿ, ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: 2319 ಅಂದರೆ 2019ರ 23ನೇ ವಾರ. ವರ್ಷದಲ್ಲಿ ಅರ್ಧ ಕಾಲ ಶೆಡ್ಡಲ್ಲಿ ನಿಲ್ಲೋ ಕಾರಿನ ಟೈರು ಸವೆಯೋಕೆ ಮುಂಚೆ ಗಟ್ಟಿಯಾಗುತ್ತೆ. ಗಾಳಿಯನ್ನು ಇಲ್ಲೇ ಟ್ರ್ಯಾಕಿನ ಲೆಕ್ಕಕ್ಕೆ ಇಳಿಸಬೇಡಿ, ಅಲ್ಲಿ ಹೋಗಿ ನೋಡಿ. ಟೈರ್ ಕಾದ ಹಾಗೆ ಒತ್ತಡ ಏರುತ್ತೆ. ಪ್ರತಿ ಸೆಷನ್ (ಟ್ರ್ಯಾಕಿನಲ್ಲಿ ಓಡಿಸೋ ಒಂದು ಸರದಿ) ಮುಗಿದ ತಕ್ಷಣ ಅಳೆದು, ಏರಿದಷ್ಟು ಬಿಟ್ಟು, ಬರೆದಿಟ್ಟುಕೊಳ್ಳಿ. ವೀಲ್ ನಟ್‌ಗಳನ್ನು ಮ್ಯಾನುಯಲ್ಲಿನಲ್ಲಿರೋ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ (ಎಷ್ಟು ಬಿಗಿಯಾಯ್ತು ಅಂತ ಅಳೆಯೋ ಸ್ಪ್ಯಾನರ್) ಬಿಗಿಯಿರಿ, ಮಧ್ಯೆ ಮತ್ತೊಮ್ಮೆ ನೋಡಿ. ಕಾಲಲ್ಲಿ ತುಳಿದು ಬಿಗಿಯೋ ಪದ್ಧತಿ ಲಾರಿಗಿರಲಿ.

ಉಳಿದದ್ದು ಸಣ್ಣದು. ಎಂಜಿನ್ ಆಯಿಲ್ ಮೇಲಿನ ಗೆರೆ ಮುಟ್ಟಿರಲಿ, ತಿರುವಲ್ಲಿ ಅದು ಒಂದು ಕಡೆ ಹೋಗಿ ನಿಲ್ಲುತ್ತೆ. ರೇಡಿಯೇಟರ್ ಜಾಲರಿಯ ಕೆಸರು ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಬ್ಯಾಟರಿ ಅಲ್ಲಾಡಬಾರದು, ಎಳೆಯೋ ಹುಕ್ ಕೈಗೆ ಸಿಗೋ ಹಾಗಿರಲಿ, ಸ್ಟೆಪ್ನಿ, ಜಾಕ್, ನೀರಿನ ಬಾಟ್ಲಿ ಎಲ್ಲ ಹೊರಗಿಡಿ. ಟಾಪ್ ತೆರೆದಿರಬೇಕೋ ಮುಚ್ಚಿರಬೇಕೋ, ಮಗುಚಿದಾಗ ಕೈ ಹೊರಗೆ ಹೋಗದ ಹಾಗೆ ತಡೆಯೋ ಪಟ್ಟಿ ತೋಳಿಗೆ ಬೇಕೋ ಅಂತ ಆಯೋಜಕರನ್ನು ಮೊದಲೇ ಫೋನ್ ಮಾಡಿ ಕೇಳಿ. ಸಾಮಾನ್ಯ ಕಾರು ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆ ಹೊರಗೆ ಅಂತ ಬರೆದಿರುತ್ತೆ. ಅಲ್ಲಿ ಮುರಿದದ್ದು ನಿಮ್ಮ ಜೇಬಿನಿಂದಲೇ ಅಂತ ಇಟ್ಟುಕೊಳ್ಳಿ.

ಸೆಷನ್ ಮುಗಿಸೋವಾಗ ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಕಾದ ಡಿಸ್ಕಿಗೆ ಪ್ಯಾಡ್ ಕಚ್ಚಿಕೊಳ್ಳುತ್ತೆ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಸಂಜೆ ಹೊರಡೋಕೆ ಮುಂಚೆ ಟೈರಿಗೆ ಮತ್ತೆ ರಸ್ತೆಯ ಗಾಳಿ ತುಂಬಿಸಿ, ಪ್ಯಾಡ್ ಎಷ್ಟು ಉಳಿದಿದೆ ಅಂತ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ; ಊರು ಮುಟ್ಟೋಕೆ ಸಾಲದು ಅನಿಸಿದರೆ ಅಲ್ಲೇ ಹೊಸದು ಹಾಕಿಸಿ.