ಆ ನೀಲಿ ಪರದೆ ನಮ್ಮ ವಿಂಡೋಸಿನದಲ್ಲ

ಮಂಡ್ಯದ ನೂರಡಿ ರಸ್ತೆ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಯಾರು ಕರೆದರೂ ಹೋಗುತ್ತೇವೆ. ಈಗ ಎಲ್ಲರಿಗೂ ಫೋರ್‌ಕೆ ವಿಡಿಯೋನೇ ಬೇಕು. ನಾನು ಶೂಟ್ ಮಾಡುವ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಇಟ್ಟು ಆರತಕ್ಷತೆ, ಮುಹೂರ್ತ ಮುಗಿಸೋ ಹೊತ್ತಿಗೆ 300 ಜಿಬಿ ದಾಟಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಇರೋದೇ 512 ಜಿಬಿ. ಎಲ್ಲಿಗೆ ಸಾಲುತ್ತೆ?

ಹೋದ ಮಳೆಗಾಲದಲ್ಲಿ ಸ್ಟುಡಿಯೋದ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಅದರಲ್ಲಿದ್ದ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಸಣ್ಣ ಪಟ್ಟಿಯಂಥ ವೇಗದ ಡಿಸ್ಕ್) ಮಾತ್ರ ಉಳಿದಿತ್ತು. ಬಿಚ್ಚಿ ಡ್ರಾಯರಿಗೆ ಹಾಕಿದ್ದೆ. ಲ್ಯಾಪ್‌ಟಾಪಿನಲ್ಲಿ ಅಂಥದ್ದು ಕೂರುವ ಇನ್ನೊಂದು ಎಂ.2 ಸ್ಲಾಟ್ ಖಾಲಿ ಇತ್ತು. ಹೊಸದಕ್ಕೆ ಯಾಕೆ ದುಡ್ಡು ಹಾಕೋದು, ಇದನ್ನೇ ಹಾಕೋಣ ಅಂದುಕೊಂಡೆ. ಅದು ಶುಕ್ರವಾರ ಸಂಜೆ. ಭಾನುವಾರ ಮದ್ದೂರಿನ ಕಡೆ ಒಂದು ಬೀಗರೂಟ. ಅಲ್ಲಿ ಪರದೆ ಮೇಲೆ ಹಾಕೋದಕ್ಕೆ ಮದುವೆಯ ಹತ್ತು ನಿಮಿಷದ ವಿಡಿಯೋ ಕೊಡಬೇಕಿತ್ತು. ಇಂಥ ಹೊತ್ತಲ್ಲಿ ಲ್ಯಾಪ್‌ಟಾಪ್ ಬಿಚ್ಚೋದು ಬುದ್ಧಿವಂತರ ಕೆಲಸ ಅಲ್ಲ, ಗೊತ್ತು. ಆದರೆ ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ.

ಕೂರಿಸೋದೇನೂ ಕಷ್ಟವಾಗಲಿಲ್ಲ. ಚಾರ್ಜರ್ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತೆ. ಎಸ್‌ಎಸ್‌ಡಿಯನ್ನು ಸ್ವಲ್ಪ ಓರೆಯಾಗಿ ಹಿಡಿದು ಸ್ಲಾಟಿಗೆ ತಳ್ಳಬೇಕು. ಬಂಗಾರದ ಬಣ್ಣದ ಹಲ್ಲುಗಳು ಬಹುಪಾಲು ಒಳಗೆ ಹೋಗಬೇಕು. ಬಿಟ್ಟರೆ ಇನ್ನೊಂದು ತುದಿ ಸ್ಪ್ರಿಂಗ್ ಥರ ಮೇಲೆದ್ದು ನಿಲ್ಲುತ್ತದೆ. ಅದನ್ನು ಒತ್ತಿ ಸ್ಕ್ರೂ ಹಾಕಬೇಕು. ಆ ಸ್ಕ್ರೂ ನಮ್ಮ ಹತ್ತಿರ ಇರಲಿಲ್ಲ. ಅಕ್ಕಿಕಾಳಿಗಿಂತ ಚಿಕ್ಕ ಸ್ಕ್ರೂ ಅದು, ಹಳೇ ಕಂಪ್ಯೂಟರಿನ ಜೊತೆ ಗುಜರಿಗೆ ಹೋಗಿತ್ತೋ ಏನೋ. ಸದ್ಯಕ್ಕೆ ಶಾಖ ತಡೆಯೋ ಟೇಪು ಅಂಟಿಸಿದೆ.

ಪವರ್ ಬಟನ್ ಒತ್ತಿದರೆ ಏನೂ ಇಲ್ಲ. ಎದೆ ಧಸಕ್ ಅಂತು. ಆಮೇಲೆ ಹೊಳೆಯಿತು, ಬ್ಯಾಟರಿ ಕಿತ್ತು ಹಾಕಿದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳು ಚಾರ್ಜರ್ ಚುಚ್ಚುವ ತನಕ ಏಳುವುದೇ ಇಲ್ಲ. ಚುಚ್ಚಿದೆ, ಎದ್ದಿತು. ಕಂಪನಿಯ ಲೋಗೋ ಬಂತು, ಕೆಳಗೆ ಸುತ್ತೋಕೆ ಶುರುವಾಯಿತು, ಅಷ್ಟರಲ್ಲೇ ನೀಲಿ ಪರದೆ. 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್', ಅಂದರೆ ಏಳೋಕೆ ಬೇಕಾದ ಡಿಸ್ಕ್ ಸಿಗುತ್ತಿಲ್ಲ ಅಂತ. ತಾನೇ ರೀಸ್ಟಾರ್ಟ್ ಆಯಿತು, ಮತ್ತೆ ಅದೇ. ಮೂರನೇ ಸಲಕ್ಕೆ ರಿಪೇರಿ ಮೆನು ಬಂತು. ಸ್ಟಾರ್ಟಪ್ ರಿಪೇರಿ ಕೊಟ್ಟೆ. ರಿಪೇರಿ ಮಾಡಲಾಗಲಿಲ್ಲ ಅಂತು.

ಪರಿಚಯದ ಸರ್ವಿಸ್ ಅಂಗಡಿಗೆ ಫೋನ್ ಮಾಡಿದೆ. 'ವಿಂಡೋಸ್ ಹೋಗಿದೆ ಸಾರ್, ಅದೇ ಮೆನುವಲ್ಲಿ ರೀಸೆಟ್ ಕೊಟ್ಬಿಡಿ' ಅಂದರು. ಕೈ ಮೌಸ್ ಮೇಲೆ ಹೋಗಿತ್ತು. ಆದರೆ ಮದುವೆಯ ಅರ್ಧ ಎಡಿಟಿಂಗ್ ಒಳಗಿದೆ, ರೀಸೆಟ್ ಅಂದರೆ ಏನೇನು ಹೋಗುತ್ತೋ ಅನ್ನೋ ಭಯಕ್ಕೆ ಬಿಟ್ಟೆ. ಆ ಭಯವೇ ನನ್ನನ್ನು ಉಳಿಸಿತು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮತ್ತೆ ಬಿಚ್ಚಿ ಎಸ್‌ಎಸ್‌ಡಿ ತೆಗೆದೆ. ಲ್ಯಾಪ್‌ಟಾಪ್ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದಿತು. ಅಂದರೆ ವಿಂಡೋಸ್ ಹೋಗಿಲ್ಲ, ಸ್ಲಾಟೂ ಬೋರ್ಡೂ ಸುಟ್ಟಿಲ್ಲ. ಮತ್ತೆ ಹಾಕಿದೆ, ಮತ್ತೆ ನೀಲಿ.

ಪಕ್ಕದಲ್ಲಿ ಆಲ್ಬಮ್ ಜೋಡಿಸುತ್ತಿದ್ದ ನಮ್ಮ ಹುಡುಗ ಆಗ ಒಂದು ಮಾತು ಹೇಳಿದ. 'ಅಣ್ಣ, ನಮ್ದು ಹಿಂಗೆ ಸುತ್ತಲ್ಲ ಅಲ್ವಾ?'

ಸರಿಯಾಗಿ ನೋಡಿದೆ. ನಿಜ! ನಮ್ಮ ಲ್ಯಾಪ್‌ಟಾಪಿನಲ್ಲಿರೋದು ವಿಂಡೋಸ್ 11. ಅದು ಏಳುವಾಗ ಲೋಗೋ ಕೆಳಗೆ ಬಳೆಯ ತುಂಡಿನ ಹಾಗೆ ಒಂದೇ ಗೆರೆ ಸುತ್ತುತ್ತದೆ. ಇಲ್ಲಿ ಸುತ್ತುತ್ತಿದ್ದದ್ದು ಚುಕ್ಕೆಗಳು, ಒಂದರ ಹಿಂದೆ ಒಂದು. ವಿಂಡೋಸ್ 10ರ ಚುಕ್ಕೆಗಳು ಅವು. ಹಳೇ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ 10! ಏಳೋಕೆ ಒದ್ದಾಡುತ್ತಿದ್ದದ್ದು ಡ್ರಾಯರಿನಿಂದ ತಂದ ಡಿಸ್ಕಿನ ವಿಂಡೋಸ್, ನಮ್ಮದಲ್ಲ. ನಾನು ಒಂದೂವರೆ ಗಂಟೆ ಬೇರೆಯವರ ಮನೆ ಬಾಗಿಲು ಬಡಿಯುತ್ತಿದ್ದೆ.

ಹಳೇ ಡಿಸ್ಕಿನಲ್ಲಿ ಇಎಫ್‌ಐ ಅನ್ನೋ ಚಿಕ್ಕ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಇರುತ್ತದೆ, ಸಾಮಾನ್ಯವಾಗಿ 100 ಎಂಬಿ. ವಿಂಡೋಸನ್ನು ಎಬ್ಬಿಸೋ ಫೈಲುಗಳು ಅದರಲ್ಲಿರುತ್ತವೆ. ನನ್ನ ಲ್ಯಾಪ್‌ಟಾಪಿನ ಬಯಾಸ್ (ವಿಂಡೋಸಿಗೂ ಮೊದಲು ಏಳುವ ಒಳಗಿನ ಸಾಫ್ಟ್‌ವೇರ್) ಹೊಸದಾಗಿ ಕಂಡ ಆ ಡಿಸ್ಕನ್ನೇ, ಯಾವುದರಿಂದ ಏಳಬೇಕು ಅನ್ನೋ ಸಾಲಿನಲ್ಲಿ ಮೊದಲು ನಿಲ್ಲಿಸಿಬಿಟ್ಟಿತ್ತು. ಆದರೆ ಇಲ್ಲಿ ಡಿಸ್ಕುಗಳು ಇಂಟೆಲ್ ವಿಎಂಡಿ ಅನ್ನೋ ಮಧ್ಯವರ್ತಿಯ ಮೂಲಕ ಕಾಣಿಸಿಕೊಳ್ಳುತ್ತವೆ. ಅದರ ಡ್ರೈವರ್ ಹಳೇ ವಿಂಡೋಸಿನಲ್ಲಿ ಇಲ್ಲ. ಹಾಗಾಗಿ ಅರ್ಧ ಎದ್ದು, ತನ್ನ ಡಿಸ್ಕೇ ತನಗೆ ಕಾಣದೆ ನೀಲಿಯಾಗುತ್ತಿತ್ತು. ಈ ಎರರ್ ಬಂದರೆ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿ ಅಂತ ಸಲಹೆ ಕೊಡುವವರು ಬಹಳ ಜನ. ನಾನು ಹಾಗೆ ಮಾಡಿದ್ದರೆ ಚೆನ್ನಾಗಿದ್ದ ವಿಂಡೋಸ್ 11 ಕೂಡ ಏಳದೆ ಹೋಗಬಹುದಿತ್ತು. ರೀಸೆಟ್ ಕೊಟ್ಟಿದ್ದರೆ? ಆ ಮೆನುವೂ ಹಳೇ ಡಿಸ್ಕಿನದೇ. ಅದರಲ್ಲಿದ್ದ ಎರಡು ವರ್ಷದ ಹಳೇ ಪ್ರಾಜೆಕ್ಟುಗಳಿಗೆ ಕುತ್ತು ಬರಬಹುದಿತ್ತು.

ರೀಸ್ಟಾರ್ಟ್ ಮಾಡಿ ಎಫ್12 ಒತ್ತಿದೆ. (ನನ್ನದರಲ್ಲಿ ಎಫ್12, ಕೆಲವದರಲ್ಲಿ ಎಫ್9, ಎಸ್ಕೇಪ್ ಅಂತ ಬೇರೆ ಇರುತ್ತದೆ.) ಬೂಟ್ ಮೆನುವಿನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎರಡು ಸಲ ಇತ್ತು. ಹೆಸರು ಒಂದೇ, ಪಕ್ಕದಲ್ಲಿದ್ದ ಡಿಸ್ಕಿನ ಮಾಡೆಲ್ ನಂಬರ್ ಮಾತ್ರ ಬೇರೆ. ಎರಡನೆಯದನ್ನು ಆರಿಸಿದೆ.

ನೀಲಿ ಪರದೆ ಮತ್ತೆ ಬಂತು! ಆದರೆ ಈ ಸಲ ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕೋ ವಿಂಡೋಸಿನದೇ ವ್ಯವಸ್ಥೆ. 48 ಅಂಕಿಯ ರಿಕವರಿ ಕೀ ಹಾಕು ಅಂತು. ಏಳುವ ದಾರಿ ಬದಲಾದಾಗ ಇದು ಹೀಗೆ ಕೇಳುವುದುಂಟು, ಕದ್ದವನು ಡಿಸ್ಕ್ ಬಿಚ್ಚಿ ಓದಬಾರದು ಅಂತ. ನಾನಂತೂ ಬಿಟ್‌ಲಾಕರ್ ಆನ್ ಮಾಡಿದ್ದೇ ಇಲ್ಲ. ಲ್ಯಾಪ್‌ಟಾಪ್ ತಂದ ದಿನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದಾಗಲೇ ತಾನಾಗಿ ಆನ್ ಆಗಿತ್ತು. ಪುಣ್ಯಕ್ಕೆ ಕೀ ಕೂಡ ಅದೇ ಅಕೌಂಟಿನಲ್ಲಿ ಸೇವ್ ಆಗಿರುತ್ತದೆ. ಫೋನಿನಲ್ಲಿ ಲಾಗಿನ್ ಆಗಿ, ಪರದೆ ಮೇಲಿದ್ದ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆ ನೋಡಿದೆ. ಆರಾರು ಅಂಕಿಯ ಎಂಟು ಗುಂಪು. ಹುಡುಗ ಓದುತ್ತಾ ಹೋದ, ನಾನು ಟೈಪ್ ಮಾಡಿದೆ. ಬಳೆಯ ತುಂಡು ಸುತ್ತಿತು. ನಮ್ಮ ಡೆಸ್ಕ್‌ಟಾಪ್ ಬಂತು.

ಬಯಾಸ್‌ಗೆ ಹೋಗಿ ನಮ್ಮ ಡಿಸ್ಕನ್ನು ಸಾಲಿನಲ್ಲಿ ಮೇಲಕ್ಕೆ ತಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾಳೆ ಯಾವಾಗಲೋ ಬಯಾಸ್ ರೀಸೆಟ್ ಆದರೆ ಇದೇ ಕಥೆ. ಹಳೇ ಪ್ರಾಜೆಕ್ಟುಗಳನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಪೂರ್ತಿ ಖಾಲಿ ಮಾಡೋಣ ಅಂದುಕೊಂಡೆ.

'ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ರೆ ಆಯ್ತಲ್ಲ ಅಣ್ಣ' ಅಂದ ಹುಡುಗ. ಆಗಲ್ಲ. ಅದು ಕಣ್ಣಿಗೆ ಕಾಣುವ ಡ್ರೈವನ್ನು ಮಾತ್ರ ಅಳಿಸುತ್ತದೆ. ಇಎಫ್‌ಐ ಪಾರ್ಟಿಷನ್ನಿಗೆ ಡ್ರೈವ್ ಲೆಟರೇ ಇರೋದಿಲ್ಲ, ಅದು ಹಾಗೇ ಕೂತಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಂಡರೂ ಡಿಲೀಟ್ ಮಾಡೋಕೆ ಬಿಡೋದಿಲ್ಲ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸ್ಕ್ ಭಾಗ ಮಾಡೋ, ಅಳಿಸೋ ಡಿಸ್ಕ್‌ಪಾರ್ಟ್ ಅನ್ನೋ ಕಮಾಂಡ್ ಹೊಡೆಯಬೇಕು.

ಇಲ್ಲಿ ಮಾತ್ರ ಕೈ ನಡುಗಿತು. 'ಲಿಸ್ಟ್ ಡಿಸ್ಕ್' ಅಂದರೆ ಡಿಸ್ಕ್ 0, ಡಿಸ್ಕ್ 1 ಅಂತ ಬಂತು. ವಿಂಡೋಸ್ ಇರೋದೇ 0 ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ನನ್ನದರಲ್ಲಿ ತಿರುಗುಮುರುಗು. ನೋಡಬೇಕಾದ್ದು ಸೈಜು. 512 ಜಿಬಿ ಡಿಸ್ಕ್ ಇಲ್ಲಿ 476 ಅಂತ ಕಾಣುತ್ತದೆ, 1 ಟಿಬಿಯದು 931. ನನಗೆ ಬೇಕಾದ 931 ಕೂತಿದ್ದದ್ದು ಡಿಸ್ಕ್ 0ಯಲ್ಲಿ. ಅದನ್ನು ಸೆಲೆಕ್ಟ್ ಮಾಡಿದೆ. ಮತ್ತೊಮ್ಮೆ 'ಲಿಸ್ಟ್ ಡಿಸ್ಕ್' ಕೊಟ್ಟು ನಕ್ಷತ್ರದ ಗುರುತು 931ರ ಪಕ್ಕದಲ್ಲೇ ಇದೆಯಾ ಅಂತ ನೋಡಿದೆ. ಹುಡುಗನಿಗೂ ನೋಡಲು ಹೇಳಿದೆ. ಆಮೇಲೆ 'ಕ್ಲೀನ್'. ಅದು ಖಚಿತವಾ ಅಂತ ಒಂದು ಮಾತೂ ಕೇಳುವುದಿಲ್ಲ, ಕಣ್ಣುಮುಚ್ಚಿ ಬಿಡೋದರಲ್ಲಿ ಮುಗಿದಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಜಿಪಿಟಿ (ಡಿಸ್ಕ್ ಭಾಗ ಮಾಡೋ ಈಗಿನ ಪದ್ಧತಿ) ಆರಿಸಿ, ಹೊಸ ವಾಲ್ಯೂಮ್ ಮಾಡಿ, 'ಮದುವೆ' ಅಂತ ಹೆಸರಿಟ್ಟೆ.

ಅಂದ ಹಾಗೆ, ನನ್ನ ಡಿಸ್ಕ್ ಬಯಾಸ್‌ನಲ್ಲಿ ಕಂಡಿತು, ಅದಕ್ಕೇ ಈ ದಾರಿ. ಬಯಾಸ್‌ನಲ್ಲೇ ಕಾಣದಿದ್ದರೆ ಇಷ್ಟೆಲ್ಲ ಮಾಡಿ ಉಪಯೋಗವಿಲ್ಲ. ಆಗ ಮೊದಲು ಅದರ ಹಲ್ಲು ನೋಡಿ. ಎರಡು ಕಡೆ ಕಚ್ಚು ಇದ್ದರೆ ಅದು ಬಹುಮಟ್ಟಿಗೆ ಸಾಟಾ ಅನ್ನೋ ಹಳೇ ಬಗೆಯ ಡಿಸ್ಕ್. ಎನ್‌ವಿಎಂಇ ಮಾತ್ರ ಹಿಡಿಯುವ ಸ್ಲಾಟಿನಲ್ಲಿ ಅದು ಸಲೀಸಾಗಿ ಕೂರುತ್ತದೆ, ಆದರೆ ಕಾಣಿಸೋದಿಲ್ಲ.

ಎಲ್ಲ ಮುಗಿದಾಗ ರಾತ್ರಿ ಹನ್ನೊಂದೂವರೆ. ಮೆಮೊರಿ ಕಾರ್ಡ್ ಹಾಕಿ ಕಾಪಿಗೆ ಬಿಟ್ಟೆ. ಆರ್ಡರ್ ಪುಸ್ತಕದ ಕೊನೇ ಪುಟದಲ್ಲಿ ಆ 48 ಅಂಕಿ ಬರೆದು, ಪುಸ್ತಕ ಮನೆಗೆ ತಂದು ಬೀರುವಿನಲ್ಲಿಟ್ಟೆ. ಸ್ಕ್ರೂ ಇನ್ನೂ ತಂದಿಲ್ಲ. ಟೇಪೇ ಇದೆ.