ಎದೆಯ ಗಂಟು, ಬಣ್ಣದ ಚಿತ್ರ ಮತ್ತು ನನ್ನ ವಹಿ

ವಿಜಯಪುರದಲ್ಲಿ ನನ್ನದೊಂದು ಚಿಕ್ಕ ಸ್ಕ್ಯಾನಿಂಗ್ ಸೆಂಟರ್ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಹೆಣ್ಣುಮಕ್ಕಳು ಬರುತ್ತಾರೆ. ಬಹಳ ಜನ ತಡವಾಗಿಯೇ ಬರುತ್ತಾರೆ. ಯಾಕ್ರೀ ಅಂದರೆ ಒಂದೇ ಉತ್ತರ: "ಬ್ಯಾನಿನ ಇಲ್ಲಲ್ರೀ ಬಾಯಾರ, ಗಂಟಷ್ಟ ಐತಿ." ನೋವಿಲ್ಲದ ಗಂಟೇ ನನಗೆ ಜಾಸ್ತಿ ಚಿಂತೆ ಹಚ್ಚುತ್ತದೆ.

ಕೆಲವು ವರ್ಷಗಳ ಹಿಂದೆ ಹೊಸ ಮೆಷಿನ್ ತೆಗೆದುಕೊಂಡೆ. ಅದರಲ್ಲಿ ಶಿಯರ್ ವೇವ್ ಎಲಾಸ್ಟೋಗ್ರಫಿ ಇದೆ. ಮೈಮೇಲೆ ಇಡುವ ಪ್ರೋಬ್‌ನಿಂದ ಹೊರಟ ಶಬ್ದದ ಅಲೆ ಒಳಗಿನ ಮಾಂಸವನ್ನು ಒಂದಿಷ್ಟು ತಳ್ಳುತ್ತದೆ. ಆ ತಳ್ಳುವಿಕೆಗೆ ಅಡ್ಡಕ್ಕೆ ಸಣ್ಣ ಅಲೆಗಳು ಓಡುತ್ತವೆ. ಗಟ್ಟಿ ಜಾಗದಲ್ಲಿ ಅವು ಜೋರಾಗಿ ಓಡುತ್ತವೆ, ಮೆತ್ತಗಿದ್ದಲ್ಲಿ ನಿಧಾನ. ಆ ವೇಗದಿಂದ ಮೆಷಿನ್ ಗಟ್ಟಿತನ ಲೆಕ್ಕ ಹಾಕುತ್ತದೆ. ನನ್ನ ಪರದೆಯಲ್ಲಿ ಮೆತ್ತಗಿನದು ನೀಲಿ, ಗಟ್ಟಿ ಇದ್ದದ್ದು ಕೆಂಪು. ಪಕ್ಕದಲ್ಲಿ ಗಟ್ಟಿತನದ ಅಳತೆ, ಕಿಲೋಪಾಸ್ಕಲ್ ಅಂಕಿ. ಹೆಚ್ಚುಕಡಿಮೆ 80 ದಾಟಿದರೆ ಅನುಮಾನ ಎಂದು ಬಹಳ ಕಡೆ ಹಿಡಿಯುತ್ತಾರೆ. ಇದರ ಜೊತೆಗೆ ಚಿತ್ರ ನೋಡಿ ಅಭಿಪ್ರಾಯ ಹೇಳುವ ಕಂಪ್ಯೂಟರ್ ಸಹಾಯವೂ ಇದೆ.

ಮೊದಲ ತಿಂಗಳು ನನಗೆ ಕಂಡವರೆಲ್ಲ ಕೆಂಪು! ಮೆಷಿನ್ ಕೆಟ್ಟಿದೆ ಅಂದುಕೊಂಡೆ. ಒಂದು ಸಂಜೆ ಯಾರೂ ಇಲ್ಲದಾಗ ನನ್ನ ತೋಳಿನ ಮೇಲೇ ಪ್ರೋಬ್ ಇಟ್ಟು ನೋಡಿದೆ. ಸ್ವಲ್ಪ ಒತ್ತಿದರೆ ಸಾಕು, ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ. ತಪ್ಪು ನನ್ನ ಕೈಯದು. ಮಾಮೂಲಿ ಸ್ಕ್ಯಾನ್‌ನಲ್ಲಿ ಚಿತ್ರ ಸ್ವಚ್ಛ ಬರಲಿ ಎಂದು ಒತ್ತಿ ಒತ್ತಿ ರೂಢಿಯಾಗಿತ್ತು. ಒತ್ತಿದರೆ ಬರೀ ಕೊಬ್ಬೂ ಗಟ್ಟಿಯಾಗಿ ಕಾಣುತ್ತದೆ.

ಈಗ ಜೆಲ್ ದಪ್ಪಗೆ ಹಾಕುತ್ತೇನೆ. ಪ್ರೋಬ್ ಅದರ ಮೇಲೆ ತೇಲಿದ ಹಾಗಿರಬೇಕು. ಬೆನ್ನಿನ ಒಂದು ಬದಿಗೆ ದಿಂಬು, ಕೈ ತಲೆಯ ಕೆಳಗೆ. "ಒಂದೀಟ ಉಸರ ಹಿಡೀರಿ ಅವ್ವಾ" ಅಂದು, ಕೈ ಅಲುಗಿಸದೆ ಕೆಲವು ಸೆಕೆಂಡ್ ಬಣ್ಣ ನಿಲ್ಲುವ ತನಕ ಕಾಯುತ್ತೇನೆ. ಮೂರ್ನಾಲ್ಕು ಚಿತ್ರ ತೆಗೆದು, ಅಂಕಿಗಳು ಒಂದಕ್ಕೊಂದು ಹತ್ತಿರ ಇದ್ದರೆ ಮಾತ್ರ ನಂಬುತ್ತೇನೆ. ಇನ್ನೊಂದು ಮಾತು. ಬಹಳ ಗಟ್ಟಿ ಗಂಟಿನ ನಡುವೆ ಕೆಲವೊಮ್ಮೆ ಬಣ್ಣವೇ ಬರುವುದಿಲ್ಲ, ಕಪ್ಪಾಗಿ ಉಳಿಯುತ್ತದೆ. ಹೊಸಬರು ಅದನ್ನು ನೀರಿನ ಗಂಟು ಅಂದುಕೊಳ್ಳಬಹುದು. ಆಗ ಸುತ್ತಲಿನ ಅಂಚು ನೋಡಬೇಕು. ಕೆಂಪು ಅಲ್ಲಿ ಉಂಗುರದ ಹಾಗೆ ಕೂತಿರುತ್ತದೆ.

ಕಂಪ್ಯೂಟರ್ ಸಹಾಯ ಇನ್ನೊಂದು ಥರ. ಚಿತ್ರ ನಿಲ್ಲಿಸಿ ಗಂಟಿನ ನಡುವೆ ಒಂದು ಚುಕ್ಕೆ ಇಟ್ಟರೆ, ಅದೇ ಸುತ್ತ ಗೆರೆ ಎಳೆಯುತ್ತದೆ. ಆಕಾರ, ಅಂಚು, ಅಡ್ಡ ಇದೆಯೋ ನೆಟ್ಟಗಿದೆಯೋ ಎಲ್ಲ ಬರೆದು, ಕೊನೆಗೆ ಸಾದಾ ಇರಬಹುದು ಅಥವಾ ಕ್ಯಾನ್ಸರ್ ಇರಬಹುದು ಅನ್ನುತ್ತದೆ. ನಾನು ಮೊದಲು ನೋಡುವುದು ಆ ಗೆರೆಯನ್ನು. ಗಂಟಿನ ಹಿಂದಿನ ನೆರಳನ್ನೂ ಸೇರಿಸಿ ಗೆರೆ ಎಳೆದಿದ್ದರೆ ಮುಂದಿನ ಮಾತೆಲ್ಲ ದಂಡ. ಆಗ ಗೆರೆ ನಾನೇ ತಿದ್ದುತ್ತೇನೆ. ಉದ್ದಕ್ಕೊಂದು, ಅಡ್ಡಕ್ಕೊಂದು, ಎರಡೂ ಚಿತ್ರಗಳಲ್ಲಿ ಕೇಳುತ್ತೇನೆ. ಎರಡಕ್ಕೆ ಎರಡು ಉತ್ತರ ಬಂದದ್ದೂ ಉಂಟು. ಈ ಗುಂಡಿ ಒತ್ತುವ ಮೊದಲು ನನ್ನ ಬೈ-ರಾಡ್ಸ್ ದರ್ಜೆಯನ್ನು, ಅಂದರೆ ಗಂಟಿನ ಮೇಲೆ ಎಷ್ಟು ಅನುಮಾನ ಅನ್ನುವ ಅಂಕಿಯನ್ನು, ಚೀಟಿಯಲ್ಲಿ ಬರೆದಿಡುತ್ತೇನೆ. ಇಲ್ಲಾಂದರೆ ಮೆಷಿನ್ ಹೇಳಿದ್ದೇ ನನಗೂ ಕಾಣತೊಡಗುತ್ತದೆ.

ಒಬ್ಬ ತಾಯಿ, ಕೂಸು ಮೊಲೆ ಬಿಟ್ಟು ವರ್ಷವಾಗಿತ್ತು. ಗಂಟು ಅಂಕುಡೊಂಕು, ಬಣ್ಣ ಕಡುಗೆಂಪು. ಕಂಪ್ಯೂಟರ್ ಕ್ಯಾನ್ಸರ್ ಅಂದಿತು, ನಾನೂ ಹಾಗೇ ಅಂದುಕೊಂಡಿದ್ದೆ. ಸೂಜಿಯಿಂದ ತುಣುಕು ತೆಗೆದು ಮಾಡಿದ ಪರೀಕ್ಷೆಯಲ್ಲಿ ಬಂದದ್ದು ಗ್ರ್ಯಾನ್ಯುಲೋಮ್ಯಾಟಸ್ ಮ್ಯಾಸ್ಟೈಟಿಸ್, ಅಂದರೆ ಬರೀ ಬಾವು. ಟಿಬಿಯೂ ಎದೆಯಲ್ಲಿ ಹೀಗೇ ಕ್ಯಾನ್ಸರ್ ವೇಷ ಹಾಕುತ್ತದೆ, ಹಾಗಾಗಿ ಅದಕ್ಕೂ ಪರೀಕ್ಷೆ ಮಾಡಿಸಿದೆವು. ಇನ್ನೊಬ್ಬರಲ್ಲಿ ಉಲ್ಟಾ. ದುಂಡಗಿನ ಗಂಟು, ಅಂಚು ನುಣುಪು, ನೀಲಿ ಬಣ್ಣ. ಕಂಪ್ಯೂಟರ್ ಸಾದಾ ಅಂದಿತು. ಆದರೆ "ನಾಕ್ ತಿಂಗಳದಾಗ ಕಡ್ಲಿಕಾಳಿದ್ದದ್ದು ಬಾರಿಹಣ್ಣಷ್ಟ ಆತ್ರಿ" ಅಂದರು. ಆ ಮಾತು ಮೆಷಿನ್‌ಗೆ ಕೇಳಿಸಿರಲಿಲ್ಲ. ಸೂಜಿ ಹಾಕಿದೆ. ಕ್ಯಾನ್ಸರ್. ಕೆಲವು ಬಗೆಯ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್ ಅನ್ನುವುದೂ ಸೇರಿ, ಹೀಗೆ ನುಣುಪಾಗಿ ಕಾಣುವುದುಂಟು.

ಈಗ ನನ್ನ ತಕರಾರಿಗೆ ಬರುತ್ತೇನೆ. ಎಲಾಸ್ಟೋಗ್ರಫಿಯ ದೊಡ್ಡ ಲಾಭ ಅನಗತ್ಯ ಸೂಜಿ ತಪ್ಪಿಸುವುದು ಎನ್ನುತ್ತಾರೆ. 2012ರಲ್ಲಿ ಬಂದ, 939 ಗಂಟುಗಳ ದೊಡ್ಡ ಅಧ್ಯಯನವೊಂದು ಅದನ್ನೇ ತೋರಿಸಿತು. 4ಎ ದರ್ಜೆಯಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ರಿಂದ 10. ಗಂಟು ಮೆತ್ತಗಿದ್ದರೆ ಅದನ್ನು 3ಕ್ಕೆ ಇಳಿಸಬಹುದು. 3 ಅಂದರೆ ಸೂಜಿ ಬೇಡ, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ಲೆಕ್ಕ ಸರಿಯಾಗೇ ಇದೆ. ಆದರೆ ಆರು ತಿಂಗಳಿಗೆ ಮತ್ತೆ ಬರಬೇಕಲ್ಲ? ನಮ್ಮಲ್ಲಿ ಸುಗ್ಗಿ ಇರುತ್ತದೆ, ಮಗಳ ಬಾಣಂತನ ಇರುತ್ತದೆ, ಸಿದ್ಧೇಶ್ವರ ಜಾತ್ರೆ ಬರುತ್ತದೆ. ಕೆಲವರು ದುಡಿಯಲು ಗೋವಾಕ್ಕೆ ಹೋಗಿಬಿಡುತ್ತಾರೆ. ಗಂಟು ನೋಯುತ್ತಿರುವುದೂ ಇಲ್ಲ.

ಹಾಗಾಗಿ ದರ್ಜೆ ಇಳಿಸಲು ನಾನು ಬಣ್ಣದ ಚಿತ್ರವನ್ನು ಬಹಳ ಕಡಿಮೆ ಬಳಸುತ್ತೇನೆ. ಏರಿಸಲು ಬಳಸುತ್ತೇನೆ. ಕಣ್ಣಿಗೆ 3 ಅನಿಸಿದ್ದು ಕೆಂಪಾಗಿ ಬಂದರೆ ಅವತ್ತೇ ಸೂಜಿಯ ಮಾತು. ಸೂಜಿ ಎಲ್ಲಿಗೆ ತಾಗಬೇಕು ಎನ್ನಲೂ ಅದೇ ದಾರಿ: ಗಂಟಿನಲ್ಲಿ ಹೆಚ್ಚು ಗಟ್ಟಿ ಕಂಡ ಕಡೆಯಿಂದ ತುಣುಕು ತೆಗೆಯುತ್ತೇನೆ. 14 ಗೇಜ್ ಸೂಜಿ ಠಪ್ ಎಂದು ಸದ್ದು ಮಾಡುತ್ತದೆ. ಆ ಸದ್ದನ್ನು ಮೊದಲೇ ಒಮ್ಮೆ ಕೇಳಿಸಿಬಿಡುತ್ತೇನೆ, ಇಲ್ಲಾಂದರೆ ಬೆಚ್ಚಿಬೀಳುತ್ತಾರೆ.

ಇಳಿಸುವುದು ಒಂದು ಸಂದರ್ಭದಲ್ಲಿ ಮಾತ್ರ. ಊರಿನಲ್ಲೇ ಇರುವವರು, ಫೋನ್ ಎತ್ತುವವರು, ಜೊತೆಗೆ ಬಂದ ಅಕ್ಕನೋ ಸೊಸೆಯೋ "ನಾ ಕರ್ಕೊಂಡ ಬರ್ತೀನ್ರಿ" ಅಂದರೆ. ಅವರಿಗೆ ಇಂಗ್ಲಿಷ್ ತಾರೀಖು ಹೇಳುವುದಿಲ್ಲ, "ಎಳ್ಳ ಅಮಾವಾಸ್ಯೆ ಆದ ವಾರ ಬರ್ರಿ" ಅನ್ನುತ್ತೇನೆ. ವಹಿಯಲ್ಲಿ ಎರಡು ಫೋನ್ ನಂಬರ್ ಬರೆದುಕೊಳ್ಳುತ್ತೇನೆ.

ಈ ವಾರ ವಹಿಯಲ್ಲಿ ನಾಲ್ಕು ಹೆಸರಿದ್ದವು. ಮೂವರು ಬಂದರು, ಮೂವರದೂ ಇದ್ದಷ್ಟೇ ಇದೆ. ನಾಲ್ಕನೆಯವರ ಫೋನ್ ಬಂದ್. ಎರಡನೇ ನಂಬರಿಗೆ ಹಚ್ಚಿದರೆ ಅವರ ಸೊಸೆ ಎತ್ತಿದಳು. ಅತ್ತೆ ತೊಗರಿ ರಾಶಿಗೆ ಹೊಲಕ್ಕೆ ಹೋಗಿದ್ದಾರಂತೆ, ಸೋಮವಾರ ಕಳಿಸುತ್ತಾಳಂತೆ. ಸೋಮವಾರದ ಪುಟದಲ್ಲಿ ಬರೆದಿಟ್ಟಿದ್ದೇನೆ.