ಮನ್ರೋನ ವೃತ್ತಿಜೀವನವನ್ನು ಬಳ್ಳಾರಿಯಿಂದ ಬರೆಯುವ ಕ್ರಮ

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಥಾಮಸ್ ಮನ್ರೋನ ಕುರಿತು ಪ್ರಬಂಧ ಬರೆಯುವ ಬಳ್ಳಾರಿಯ ವಿದ್ಯಾರ್ಥಿಗಳು ಮೊದಲು ಒಂದು ಹಾಳೆಯಲ್ಲಿ ಇಸವಿ, ಹುದ್ದೆ, ಊರು ಎಂದು ಮೂರು ಕಲಂ ಎಳೆದುಕೊಳ್ಳಬೇಕು. 1780ರಲ್ಲಿ ಮದ್ರಾಸಿಗೆ ಬಂದ ಕೆಡೆಟ್, ಮೈಸೂರಿನ ವಿರುದ್ಧದ ಯುದ್ಧಗಳು, 1792ರಿಂದ ಬಾರಾಮಹಲಿನ (ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿಯ ಸೀಮೆ) ಕಂದಾಯದ ಕೆಲಸ, 1799ರ ಕೆನರಾ, ಇವುಗಳಿಗೆ ಒಂದೊಂದು ಸಾಲು ಸಾಕು.

ನಿಧಾನವಾಗಿ ಬರೆಯಬೇಕಾದದ್ದು 1800ರಿಂದ. ಆ ವರ್ಷ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಮನ್ರೋ ಪಾಳೆಯಗಾರರನ್ನು ಅಡಗಿಸಿ, ಹೊಲಹೊಲವನ್ನೂ ಅಳೆಯಿಸಿ, ನಡುವೆ ಜಮೀನ್ದಾರನಿಲ್ಲದೆ ರೈತನೇ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಪದ್ಧತಿಯನ್ನು ಬೆಳೆಸಿದನು. ಈ ಭಾಗ ಬರೆಯುವಾಗ ನಿಮ್ಮ ಮನೆಯ ಪಹಣಿಯನ್ನು ಎದುರಿಗಿಟ್ಟುಕೊಳ್ಳಿ. ಅದು ಆಮೇಲಿನ ಸರ್ವೆಗಳ ಫಲವೇ ಆದರೂ, ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು ಒಂದೇ ಕಾಗದದಲ್ಲಿ ಕಂಡಾಗ ಪದ್ಧತಿಯ ತಿರುಳು ತಾನಾಗಿ ತಿಳಿಯುತ್ತದೆ. ಹೊಗಳಿಕೆಗೆ ಮಾತ್ರ ಇಳಿಯಬೇಡಿ: ದರ ಭಾರವಾಗಿತ್ತೆಂಬುದಕ್ಕೆ, ಅದನ್ನು ಶೇ. 25ರಷ್ಟು ಇಳಿಸಬೇಕೆಂದು 1807ರಲ್ಲಿ ಅವನೇ ಮಾಡಿದ ಶಿಫಾರಸೇ ಸಾಕ್ಷಿ.

ಬಳ್ಳಾರಿ ಬಿಟ್ಟು ಹೋದ ಮೇಲಿನ ಲಂಡನ್ನಿನ ವರ್ಷಗಳನ್ನು ಹಲವರು ಹಾರಿಸಿಬಿಡುತ್ತಾರೆ; ನನ್ನ ಮಟ್ಟಿಗೆ ಅದು ದೊಡ್ಡ ಲೋಪ. 1813ರಲ್ಲಿ ಕಂಪನಿಯ ಚಾರ್ಟರ್ (ಸನದು) ನವೀಕರಿಸುವ ಚರ್ಚೆಯ ವೇಳೆ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದು, ಕಂಪನಿಯ ನಿರ್ದೇಶಕರ ಮನವೊಲಿಸಿದ್ದರಿಂದಲೇ ರೈತವಾರಿಗೆ ಬಲ ಬಂದಿತು. 1820ರಲ್ಲಿ ಅವನು ಮದ್ರಾಸಿನ ಗವರ್ನರನಾದನು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು.

ಮಂತ್ರಾಲಯದಲ್ಲಿ ರಾಯರು ಅವನೊಡನೆ ಮಾತಾಡಿದರೆಂಬ ಪ್ರತೀತಿಯನ್ನು ಕೈಬಿಡಬೇಕಿಲ್ಲ. ಇಸವಿಯ ಕಲಂನಲ್ಲಿ ಸೇರಿಸದೆ, ಐತಿಹ್ಯವೆಂದು ಹೇಳಿಯೇ ಬರೆಯಿರಿ.